ಗುಡ್ಡೆ ಹತ್ತುವವರ ಕ್ಲಬ್ಬು ಬಾಳುವುದು ಯಾವುದರಿಂದ?

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಪೈವಳಿಕೆ ಕಡೆಯ ಕೆಲವು ಹುಡುಗ ಹುಡುಗಿಯರು ಸೇರಿ ಗುಡ್ಡೆ, ಬಂಡೆ ಹತ್ತುವ ಒಂದು ಕೂಟ ಕಟ್ಟಲು ಹೊರಟಿದ್ದಾರೆ. ಹಳೆಯ ಕ್ಲಬ್ಬುಗಳು ಏನೇನು ಮಾಡುತ್ತವೆ, ಈಗ ಆ ಲೋಕದಲ್ಲಿ ಏನು ಸುದ್ದಿ, ಸ್ವಲ್ಪ ಹೇಳಿ ಅಂತ ನನ್ನನ್ನು ಕರೆದರು. ನಾನು ನೌಕರಿಯ ಕಾಲವನ್ನೆಲ್ಲ ಮುಂಬಯಿಯಲ್ಲಿ ಕಳೆದವನು. ಇಲ್ಲಿನ ಎಷ್ಟೋ ಮನೆಗಳಿಂದ ಒಬ್ಬರಾದರೂ ಮುಂಬಯಿಗೆ ಹೋದವರೇ ಅಲ್ವಾ? ನಮ್ಮವರು ಭಾನುವಾರ ಯಕ್ಷಗಾನಕ್ಕೋ ಸಂಘದ ಸಭೆಗೋ ಹೋದರೆ ನಾನು ಲೋಕಲ್ ಟ್ರೈನ್ ಹತ್ತಿ ಸಹ್ಯಾದ್ರಿಯ ಬಂಡೆಗಳ ಕಡೆ ಹೋಗುತ್ತಿದ್ದೆ. ಇವನಿಗೆ ಮರುಳು ಅಂತ ಹೇಳಿದವರೂ ಇದ್ದರು. ಅವರಲ್ಲಿ ಇಬ್ಬರು ಇವತ್ತು ಎದುರಿನ ಸಾಲಿನಲ್ಲೇ ಕೂತಿದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಕ್ಲಬ್ಬು ವರ್ಷಗಟ್ಟಲೆ ಉಳಿಯುವುದು ಬರೆದಿಡುವವರಿಂದ, ಹಗ್ಗ ನೋಡಿಕೊಳ್ಳುವವರಿಂದ, ಹೊಸಬರಿಗೆ ಗಂಟು ಹಾಕಲು ಕಲಿಸುವವರಿಂದ. ಶಿಖರ ಹತ್ತಿದವರ ಫೋಟೋ ಪೇಪರಿನಲ್ಲಿ ಬರುತ್ತದೆ, ಸರಿ. ಆದರೆ ಆ ಫೋಟೋದಿಂದ ಕ್ಲಬ್ಬಿನ ಮರುವರ್ಷ ನಡೆಯುವುದಿಲ್ಲ.

ಜಗತ್ತಿನ ಮೊದಲ ಪರ್ವತಾರೋಹಣ ಕ್ಲಬ್ಬು ಲಂಡನ್ನಿನ ಆಲ್ಪೈನ್ ಕ್ಲಬ್. ಶುರುವಾದದ್ದು 1857ರಲ್ಲಿ. ಇಲ್ಲಿ ಸಿಪಾಯಿ ದಂಗೆ ನಡೆಯುತ್ತಿದ್ದ ವರ್ಷ ಅಲ್ಲಿ ಒಂದಷ್ಟು ಜನ ಹೋಟೆಲಿನಲ್ಲಿ ಸೇರಿ ಬೆಟ್ಟ ಹತ್ತುವ ಸಂಘ ಮಾಡಿದರು! ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ. ಅವರು 1907ರಲ್ಲಿ ತಮ್ಮದೇ ಕ್ಲಬ್ಬು ಕಟ್ಟಿಕೊಂಡರು. ಎರಡೂ ಒಂದಾದದ್ದು 1975ರಲ್ಲಿ. ಇಲ್ಲಿನ ಕೂಟದ ಮೊದಲ ಪಟ್ಟಿಯಲ್ಲೇ ಹುಡುಗಿಯರ ಹೆಸರು ಇದೆ. ಅಷ್ಟರ ಮಟ್ಟಿಗೆ ನೀವು ಮುಂದೆ ಇದ್ದೀರಿ.

ನಮ್ಮ ದೇಶದ ಹಳೆಯ ಕ್ಲಬ್ಬು ಎಂದರೆ ಹಿಮಾಲಯನ್ ಕ್ಲಬ್. 1928ರ ಫೆಬ್ರವರಿ 17ರಂದು ದೆಹಲಿಯಲ್ಲಿ ಹುಟ್ಟಿತು. ಮುಂದಾಳು ಜೆಫ್ರಿ ಕಾರ್ಬೆಟ್ ಎಂಬ ಅಧಿಕಾರಿ. ಅವರ ಜೊತೆಗಿದ್ದವರು ಸರ್ವೆ ಆಫ್ ಇಂಡಿಯಾದ ಕೆನೆತ್ ಮೇಸನ್. ಕಲ್ಕತ್ತೆಯಲ್ಲಿ ಅದಕ್ಕೂ ಕೆಲವು ತಿಂಗಳು ಮೊದಲೇ, 1927ರಲ್ಲಿ, ಮೌಂಟನ್ ಕ್ಲಬ್ ಆಫ್ ಇಂಡಿಯಾ ಅಂತ ಒಂದು ಇತ್ತು. ಅದು ಇದರೊಳಗೆ ಸೇರಿಕೊಂಡಿತು. ಆಗ ಅದು ಸಾಹೇಬರ ಕ್ಲಬ್ಬೇ, ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ. ಸೈನ್ಯಾಧಿಕಾರಿಗಳು, ಐಸಿಎಸ್ ಅಧಿಕಾರಿಗಳೇ ಜಾಸ್ತಿ. 1947ರಲ್ಲಿ ಅವರಲ್ಲಿ ಬಹಳ ಜನ ಗಂಟುಮೂಟೆ ಕಟ್ಟಿ ಹೊರಟರು. ಕ್ಲಬ್ಬು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಈಗ ಅದರ ಮುಖ್ಯ ಕಚೇರಿ ಮುಂಬಯಿಯಲ್ಲಿದೆ. 2028ರ ಫೆಬ್ರವರಿಗೆ ನೂರು ವರ್ಷ ತುಂಬುತ್ತದೆ.

ಹೇಗೆ ಉಳಿಯಿತು? 1929ರಲ್ಲಿ ಮೇಸನ್ ಸಂಪಾದಕರಾಗಿ ‘ಹಿಮಾಲಯನ್ ಜರ್ನಲ್’ ಶುರು ಮಾಡಿದರು. ಯಾರು ಯಾವ ಕಣಿವೆಗೆ ಹೋದರು, ಯಾವ ದಾರಿ ಹಿಡಿದರು, ಎಲ್ಲಿಂದ ವಾಪಸು ಬಂದರು, ಯಾಕೆ ವಾಪಸು ಬಂದರು, ಎಲ್ಲ ಅದರಲ್ಲಿ ಬಂತು. ಇವತ್ತಿಗೂ ಯಾವುದಾದರೂ ಕಣಿವೆಗೆ ಹೋಗುವವರು ಮೊದಲು ಆ ಹಳೆಯ ಸಂಪುಟಗಳನ್ನು ತಿರುವಿ ನೋಡುತ್ತಾರೆ. ಮುಂಬಯಿಯ ಹರೀಶ್ ಕಪಾಡಿಯಾ ಅದನ್ನು ಎಷ್ಟೋ ವರ್ಷ ಸಂಪಾದಿಸಿದರು. ಹಿಮಾಲಯ ಸುತ್ತುತ್ತಾ, ನಡುವೆ ಬೇರೆಯವರ ಲೇಖನ ತಿದ್ದುತ್ತಾ ಕೂರುವುದು ಸುಲಭದ ಕೆಲಸ ಅಲ್ಲ.

ಅದೇ ಮುಂಬಯಿಯಲ್ಲಿ ಜಗದೀಶ್ ನಾನಾವಟಿ ಅಂತ ಒಬ್ಬರಿದ್ದರು. ಕ್ಲಬ್ಬಿನ ಕಾರ್ಯದರ್ಶಿ, ಆಮೇಲೆ ಅಧ್ಯಕ್ಷರು. ನಾವು ಇಂಥ ಶಿಖರ ಮುಟ್ಟಿದೆವು ಅಂತ ಯಾರಾದರೂ ಹೇಳಿದರೆ ಇವರು ಫೋಟೋ ಕೇಳುತ್ತಿದ್ದರು. ಹಿಂದೆ ಕಾಣುವ ಶಿಖರ ಯಾವುದು, ಅದು ಯಾವ ಕೋನದಲ್ಲಿ ಕಾಣಬೇಕು, ನಕ್ಷೆಗೆ ಹೊಂದುತ್ತದೋ ಅಂತ ಕೂತು ಲೆಕ್ಕ ಹಾಕುತ್ತಿದ್ದರು. ಹೊಂದದಿದ್ದರೆ ಹೇಳಿಯೇ ಬಿಡುತ್ತಿದ್ದರು. ಹಾರ ತುರಾಯಿ ಹಾಕಿಸಿಕೊಂಡು ಬಂದವರಿಗೆ ಇಂಥವರು ಯಾಕೆ ಬೇಕು ಹೇಳಿ! ಆದರೆ ಇಂಥವರು ಇಲ್ಲದಿದ್ದರೆ ಏನಾಗುತ್ತದೆ ಅಂತ 2016ರಲ್ಲಿ ನೋಡಿದೆವು. ಪುಣೆಯ ಪೊಲೀಸ್ ದಂಪತಿ ಎವರೆಸ್ಟ್ ಹತ್ತಿದೆವು ಅಂದರು. ಸರ್ಟಿಫಿಕೇಟೂ ಸಿಕ್ಕಿತು. ಆಮೇಲೆ ಗೊತ್ತಾಯಿತು, ಫೋಟೋ ಬೆಂಗಳೂರಿನಲ್ಲಿದ್ದ ಬೇರೊಬ್ಬ ಪರ್ವತಾರೋಹಿಯದು, ತಿದ್ದಿದ್ದು. ನೇಪಾಳ ಅವರ ಮೇಲೆ 10 ವರ್ಷ ನಿಷೇಧ ಹಾಕಿತು.

ನೇಪಾಳ ಅಂದಾಗ ಎಲಿಜಬೆತ್ ಹಾಲಿಯವರ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅಮೆರಿಕದ ಪತ್ರಕರ್ತೆ. 1960ರಿಂದ ಕಠ್ಮಂಡುವಿನಲ್ಲೇ ಇದ್ದರು. ಒಂದು ಶಿಖರವನ್ನೂ ಹತ್ತಿದವರಲ್ಲ. ಆದರೆ ಹಿಮಾಲಯ ಹತ್ತಲು ಬಂದ ತಂಡ ಹೋಟೆಲಿಗೆ ಕಾಲಿಡುವಷ್ಟರಲ್ಲಿ ಇವರ ಫೋನು ಬರುತ್ತಿತ್ತು. ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ, ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ದೊಡ್ಡ ದೊಡ್ಡ ಹೆಸರಿನವರೂ ಅವರ ಎದುರು ಶಾಲೆಯ ಮಕ್ಕಳಾಗುತ್ತಿದ್ದರಂತೆ. 2018ರಲ್ಲಿ ತೀರಿಕೊಂಡರು. ಅವರು ಕೂಡಿಸಿಟ್ಟ ಕಡತಗಳೇ ಇವತ್ತು ನೇಪಾಳ ಹಿಮಾಲಯದ ದೊಡ್ಡ ದಾಖಲೆ. ಮೊಣಕಾಲು ನೋವಿದೆ, ನನ್ನಿಂದೇನು ಆಗುತ್ತದೆ ಅನ್ನುವ ಹಿರಿಯರು ಇಲ್ಲಿ ಇದ್ದರೆ ದಯವಿಟ್ಟು ಇವರನ್ನು ನೆನಪಿಟ್ಟುಕೊಳ್ಳಿ. ಕೂಟಕ್ಕೆ ನೀವೂ ಬೇಕು.

ಇನ್ನೊಂದು ಪಟ್ಟಿಯ ಕಥೆ ಇದೆ. ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಕ್ಲಬ್ಬಿಗೆ ಒಬ್ಬ ಸ್ಥಳೀಯ ಕಾರ್ಯದರ್ಶಿ ಇರುತ್ತಿದ್ದರು. ತಂಡಗಳ ಹೊರೆ ಹೊತ್ತು ಬೆಟ್ಟ ಹತ್ತುವ ಶೆರ್ಪಾಗಳ ಹೆಸರು, ನಂಬರು, ಫೋಟೋ, ಯಾವ ಯಾವ ತಂಡದ ಜೊತೆ ಹೋಗಿದ್ದಾರೆ, ಎಲ್ಲ ಅಲ್ಲಿ ದಾಖಲಾಗುತ್ತಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದು ಪುಸ್ತಕ. ಕೂಲಿ ಎಷ್ಟು, ಸತ್ತರೆ ಮನೆಯವರಿಗೆ ಪರಿಹಾರ ಎಷ್ಟು ಅನ್ನುವುದಕ್ಕೂ ಕ್ಲಬ್ಬು ಒಂದು ದರ ಇಟ್ಟಿತ್ತು. 1937ರಲ್ಲಿ ನಂಗಾ ಪರ್ಬತದ ಮೇಲೆ ಒಂದೇ ರಾತ್ರಿ ಹಿಮ ಕುಸಿದು 16 ಜನ ಸತ್ತರು. 7 ಮಂದಿ ಜರ್ಮನ್ನರು, 9 ಮಂದಿ ಶೆರ್ಪಾಗಳು. ಆ ಕಾಲದ ಸುದ್ದಿಯಲ್ಲಿ ಹೊರೆ ಹೊತ್ತವರು ಬರೀ ‘ಕೂಲಿಗಳು’. ಅವರಿಗೂ ಹೆಸರು, ಮನೆ, ಹೆಂಡತಿ ಮಕ್ಕಳು ಇದ್ದಾರೆ ಅಂತ ಹೇಳಿದ್ದು ಆ ಪಟ್ಟಿ. ತುಂಬ ಎತ್ತರಕ್ಕೆ ಹೋಗಿ ಕೆಲಸ ಮಾಡಿದವರಿಗೆ 1930ರ ದಶಕದ ಕೊನೆಗೆ ‘ಟೈಗರ್’ ಬ್ಯಾಡ್ಜ್ ಕೊಡಲು ಶುರು ಮಾಡಿದರು. ತೇನ್‌ಸಿಂಗ್ ಆ ಬ್ಯಾಡ್ಜ್ ಪಡೆದ ಮೇಲೆ 1953ಕ್ಕೆ ಎವರೆಸ್ಟ್ ಮುಟ್ಟಿದ್ದು.

ಇಲ್ಲಿ ನಮ್ಮ ಕಂಗಿನ, ಅಂದರೆ ಅಡಿಕೆಯ, ತೋಟಕ್ಕೆ ಬನ್ನಿ. ಕಾಲಿಗೆ ತಳೆ ಹಾಕಿಕೊಂಡು ಸೊಂಟಕ್ಕೆ ಒಂದು ಹಗ್ಗವೂ ಇಲ್ಲದೆ ಮರ ಹತ್ತಿ, ಮಳೆಗಾಲದಲ್ಲಿ ಜಾರುವ ಕಾಂಡದ ಮೇಲೆ ನಿಂತು ಮದ್ದು ಬಿಡುವವರು, ಒಂದು ಮರದಿಂದ ಇನ್ನೊಂದು ಮರಕ್ಕೆ ವಾಲಿ ದಾಟುವವರು, ಈ ಜಿಲ್ಲೆಯ ನಿಜವಾದ ಏರುಗಾರರು ಅವರೇ. ಒಲಿಂಪಿಕ್ಸಿನಲ್ಲಿ ಸ್ಪೀಡ್ ಕ್ಲೈಂಬಿಂಗ್, ಅಂದರೆ ಯಾರು ಬೇಗ ಹತ್ತುತ್ತಾರೆ ಅನ್ನುವ ಸ್ಪರ್ಧೆಯ, ಗೋಡೆ 15 ಮೀಟರ್. ನಮ್ಮ ಬೆಳೆದ ಕಂಗು ಹೆಚ್ಚುಕಡಿಮೆ ಅಷ್ಟೇ ಎತ್ತರ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಇಂಡೋನೇಷ್ಯಾದ ವೆದ್ರಿಕ್ ಲಿಯೊನಾರ್ಡೊ ಅದನ್ನು 4.75 ಸೆಕೆಂಡಿನಲ್ಲಿ ಹತ್ತಿ ಚಿನ್ನ ಗೆದ್ದರು. ಅವರಿಗೆ ಮೇಲಿನಿಂದ ಹಗ್ಗ ಇತ್ತು, ಕೆಳಗೆ ಮೆತ್ತೆ ಇತ್ತು. ನಮ್ಮವರಿಗೆ ಏನಿದೆ? ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರ ಹತ್ತುವ ಯಂತ್ರದ ತರಬೇತಿ ಶುರು ಮಾಡಿ, ಕಲಿತವರಿಗೆ ವಿಮೆಯನ್ನೂ ಕೊಡಿಸಿತು. ಒಳ್ಳೆಯದೇ. ಆದರೆ ಹಳೆಯ ಕಾಲದಿಂದ ಬರಿಗಾಲಲ್ಲಿ ಹತ್ತಿ ಬಿದ್ದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ಕೂಟ ಮೊದಲ ಕೆಲಸವಾಗಿ ಅವರನ್ನು ಮಾತಾಡಿಸಿ ಬರೆದಿಟ್ಟರೆ ನನಗೆ ಎವರೆಸ್ಟ್‌ಗಿಂತ ಜಾಸ್ತಿ ಖುಷಿ.

ಈಗ ಹಗ್ಗದ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ತಾಳ್ಮೆ ಇರಲಿ.

1865ರ ಜುಲೈ 14ರಂದು ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಸಲ ಏಳು ಜನ ಹತ್ತಿದರು. ನಾಯಕ ಎಡ್ವರ್ಡ್ ವಿಂಪರ್. ಇಳಿಯುವಾಗ 19 ವರ್ಷದ ಒಬ್ಬ ಹುಡುಗ ಜಾರಿದ. ಜೊತೆಗೆ ಹಗ್ಗ ಕಟ್ಟಿಕೊಂಡಿದ್ದ ಮೂವರನ್ನೂ ಎಳೆದುಕೊಂಡು ಹೋದ. ನಡುವೆ ಹಗ್ಗ ತುಂಡಾಯಿತು. ನಾಲ್ವರು ಸತ್ತರು, ಮೂವರು ಉಳಿದರು. ಆ ದಿನ ಅವರ ಹತ್ತಿರ ಮೂರು ಥರದ ಹಗ್ಗ ಇತ್ತು. ತುಂಡಾದದ್ದು ಎಲ್ಲಕ್ಕಿಂತ ದುರ್ಬಲವಾದದ್ದು. ಗಟ್ಟಿ ಹಗ್ಗ ಬೆಟ್ಟದ ಮೇಲೇ ಇತ್ತು, ಬಳಸಲಿಲ್ಲ ಅಷ್ಟೆ. ಇನ್ನೂ ಬೇಸರದ ವಿಷಯ ಏನೆಂದರೆ, ಯಾವ ಹಗ್ಗ ಎಷ್ಟು ಭಾರ ತಡೆಯುತ್ತದೆ ಅಂತ ಆಲ್ಪೈನ್ ಕ್ಲಬ್ಬಿನ ಒಂದು ಸಮಿತಿ ಅದರ ಹಿಂದಿನ ವರ್ಷವೇ ಪರೀಕ್ಷೆ ಮಾಡಿ ವರದಿ ಅಚ್ಚು ಹಾಕಿಸಿತ್ತು.

ಈಗಿನ ನೈಲಾನ್ ಹಗ್ಗ ಹಿಗ್ಗುತ್ತದೆ. ಹಿಗ್ಗಲೇಬೇಕು. ಬಾವಿ ಹಗ್ಗ ಕಟ್ಟಿಕೊಂಡು ಬಿದ್ದರೆ ಹಗ್ಗ ತುಂಡಾಗದಿದ್ದರೂ ಸೊಂಟ ಮುರಿಯುತ್ತದೆ. ಒಳ್ಳೆಯ ಬಸ್ ಡ್ರೈವರ್ ಬ್ರೇಕ್ ಹಾಕುವ ಹಾಗೆ ಹಗ್ಗ ನಮ್ಮನ್ನು ನಿಧಾನವಾಗಿ ನಿಲ್ಲಿಸಬೇಕು. ಪರ್ವತಾರೋಹಣ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ (UIAA) ಪರೀಕ್ಷೆಯಲ್ಲಿ ಒಂಟಿ ಹಗ್ಗಕ್ಕೆ 80 ಕಿಲೋ ಭಾರ ಕಟ್ಟಿ ಮತ್ತೆ ಮತ್ತೆ ಬೀಳಿಸುತ್ತಾರೆ. ಕಡಿಮೆಯೆಂದರೂ 5 ಸಲ ತಡೆಯಬೇಕು. ಆ ಮುದ್ರೆ ಇಲ್ಲದ ಹಗ್ಗ ಬೇಡ. ಯಾರೋ ಬಳಸಿದ ಹಗ್ಗ ಅರ್ಧ ಬೆಲೆಗೆ ಸಿಗುತ್ತದೆ ಅಂದರೂ ಬೇಡ. ಅದನ್ನು ಕಟ್ಟಿಕೊಂಡವರು ಎಷ್ಟು ಸಲ, ಎಲ್ಲಿ ಬಿದ್ದಿದ್ದಾರೆ ಅಂತ ನಿಮಗೆ ಗೊತ್ತಿಲ್ಲ. ಬಳಸದೆ ಇಟ್ಟಿದ್ದರೂ 10 ವರ್ಷ ಆದ ಮೇಲೆ ಹಗ್ಗಕ್ಕೆ ನಿವೃತ್ತಿ.

ನಮ್ಮ ಊರಿಗೆ ಬೇಕಾದ ಒಂದು ಎಚ್ಚರಿಕೆ ಯಾವ ಪುಸ್ತಕದಲ್ಲೂ ಈ ಮಾತಿನಲ್ಲಿ ಸಿಗುವುದಿಲ್ಲ. ಹಗ್ಗವನ್ನು ರಬ್ಬರ್ ಶೀಟ್ ಮಾಡುವ ಕೊಟ್ಟಿಗೆಯಲ್ಲಿ ಇಡಬೇಡಿ. ರಬ್ಬರ್ ಹಾಲು ಹೆಪ್ಪುಗಟ್ಟಲು ಹಾಕುವ ಫಾರ್ಮಿಕ್ ಆಸಿಡ್ ಇದೆಯಲ್ಲ, ಅದು ನೈಲಾನನ್ನು ಕರಗಿಸುತ್ತದೆ. ನಾಲ್ಕು ಹನಿ ಬಿದ್ದರೂ ಸಾಕು. ಹೊರಗಿನಿಂದ ಏನೂ ಕಾಣದೆ ಇರಬಹುದು. ಗಾಡಿಯ ಬ್ಯಾಟರಿ ಪಕ್ಕದಲ್ಲೂ ಬೇಡ. ಹಗ್ಗಕ್ಕೆ ಒಂದು ಪುಸ್ತಕ ಇಡಿ. ಕೊಂಡ ದಿನ, ಬಳಸಿದ ದಿನ, ಯಾರು ಬಿದ್ದರು, ಯಾರು ನೋಡಿ ಸಹಿ ಹಾಕಿದರು. ಮುಂಬಯಿಯ ನಮ್ಮ ಗುಂಪಿನಲ್ಲಿ ಈ ಪುಸ್ತಕ ಇಡುತ್ತಿದ್ದವರು ಒಬ್ಬ ಸಿಡುಕು ಮೋರೆಯ ಹಿರಿಯರು. ಅವರ ಸಹಿ ಇಲ್ಲದೆ ಹಗ್ಗ ಹೊರಗೆ ಹೋಗುತ್ತಿರಲಿಲ್ಲ. ಆಗ ಬೈದುಕೊಳ್ಳುತ್ತಿದ್ದೆವು.

ಅವಘಡ ಆದಾಗ ನಮ್ಮಲ್ಲಿ ಏನು ಮಾಡುತ್ತೇವೆ? ಗ್ರಹಚಾರ ಅನ್ನುತ್ತೇವೆ. ಇಲ್ಲವೇ ಯಾರ ತಪ್ಪು ಅಂತ ಜಗಳ. ಅಮೆರಿಕನ್ ಆಲ್ಪೈನ್ ಕ್ಲಬ್ 1948ರಿಂದ ಅವಘಡಗಳ ವರದಿಗಳನ್ನು ಕೂಡಿಸಿ ಅಚ್ಚು ಹಾಕಿಸುತ್ತಾ ಬಂದಿದೆ. ಏನಾಯಿತು, ಯಾಕಾಯಿತು, ಏನು ಮಾಡಿದ್ದರೆ ತಪ್ಪುತ್ತಿತ್ತು. ಓದಿದರೆ ಗೊತ್ತಾಗುತ್ತದೆ, ದೊಡ್ಡ ಸಾಹಸದಲ್ಲಿ ಬಿದ್ದವರಷ್ಟೇ ಅಲ್ಲ, ಗಂಟು ಅರ್ಧ ಹಾಕಿ ಮಾತಾಡುತ್ತಾ ಮರೆತವರು, ಇಳಿಯುವಾಗ ಹಗ್ಗದ ತುದಿಗೆ ಗಂಟು ಹಾಕದವರು ಎಷ್ಟೊಂದು ಜನ ಅಂತ. ಬೈಗುಳ ಇಲ್ಲದೆ ಬರೆಯುವುದು ಕಷ್ಟ. ನಮ್ಮ ಊರಿನಲ್ಲಿ ಇನ್ನೂ ಕಷ್ಟ, ಎಲ್ಲರೂ ಎಲ್ಲರಿಗೂ ನೆಂಟರು.

ಮುಂಬಯಿಯ ಸುದ್ದಿ ಸ್ವಲ್ಪ. ಅಲ್ಲಿನ ಹಳೆಯ ಕ್ಲಬ್ಬು ಗಿರಿವಿಹಾರ. 1954ರಲ್ಲಿ ಶುರುವಾದದ್ದು. ಕಾನ್ಹೇರಿ ಗುಹೆಗಳ ಹತ್ತಿರ, ಮುಂಬ್ರಾದಲ್ಲಿ, ಬೇಲಾಪುರದಲ್ಲಿ ಹೊಸಬರು ಬಂಡೆ ಹತ್ತಲು ಕಲಿಯುತ್ತಾರೆ. ಇಲ್ಲಿ ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಅಲ್ಲೂ ಬಂಡೆಯ ಕೆಲಸಕ್ಕೆ ರಜ. ಮಳೆಯಲ್ಲಿ ಕೋಟೆಗಳಿಗೆ ನಡೆಯುವುದು, ಹಗ್ಗ, ಹಗ್ಗ ಸಿಕ್ಕಿಸುವ ಕ್ಯಾರಬೀನರ್ ಕೊಂಡಿ ಲೆಕ್ಕ ಹಾಕುವುದು, ಫೋಟೋ ತೋರಿಸಿ ಮಾತಾಡುವುದು. ಮಳೆ ನಿಂತು ಕಲ್ಲು ಒಣಗಿದ ಮೇಲೆ ಮತ್ತೆ ಶುರು. 2016ರಲ್ಲಿ ನವಿ ಮುಂಬಯಿಯಲ್ಲಿ ಬೌಲ್ಡರಿಂಗ್, ಅಂದರೆ ಹಗ್ಗ ಇಲ್ಲದೆ ಗಿಡ್ಡ ಗೋಡೆ ಹತ್ತುವ ಸ್ಪರ್ಧೆಯ, ವಿಶ್ವಕಪ್ ನಡೆದಾಗ ಅದರ ಹಿಂದೆ ದುಡಿದವರು ಇದೇ ಕ್ಲಬ್ಬಿನ ಸ್ವಯಂಸೇವಕರು. ಆಫೀಸಿಗೆ ರಜೆ ಹಾಕಿ ಮೆತ್ತೆ ಹೊತ್ತವರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಬೌಲ್ಡರಿಂಗ್, ಹಗ್ಗ ಸಿಕ್ಕಿಸುತ್ತಾ ಎತ್ತರಕ್ಕೆ ಹತ್ತುವ ಲೀಡ್, ಸ್ಪೀಡ್ ಮೂರಕ್ಕೂ ಬೇರೆ ಬೇರೆ ಪದಕ. ಮಕ್ಕಳಿಗೆ ಇದನ್ನು ಹೇಳಿ.

ಇನ್ನು ನಮ್ಮ ಜಿಲ್ಲೆ. ಇಲ್ಲಿ ಮುರಕಲ್ಲು ಜಾಸ್ತಿ. ಮನೆ ಕಟ್ಟಲು ಚೆನ್ನ, ಹತ್ತಲು ಅಲ್ಲ. ಹಿಡಿದರೆ ಕೈಗೇ ಬರುತ್ತದೆ. ಬಿಟ್ಟುಹೋದ ಕಲ್ಲುಕೋರೆಯ ಗೋಡೆ ನೇರವಾಗಿ ಇದೆ, ಅಲ್ಲೇ ಅಭ್ಯಾಸ ಮಾಡೋಣ ಅಂತ ಒಬ್ಬ ಹುಡುಗ ಕೇಳಿದ. ಬೇಡ ಮಗಾ. ಮೇಲಿನ ಅಂಚು ಕುಸಿಯುತ್ತದೆ, ಮಳೆಗಾಲದಲ್ಲಿ ಕೆಳಗೆ ಆಳ ನೀರು ನಿಲ್ಲುತ್ತದೆ. ಬಂಡೆ ಕಲಿಯಬೇಕಾದರೆ ಗಟ್ಟಿ ಕಲ್ಲಿನ ಕಡೆ ಹೋಗಬೇಕು. ರಾಮನಗರ, ಸಾವನದುರ್ಗ, ಹಂಪಿ, ಬಾದಾಮಿ. ಹಿಮದ ಮೇಲೆ ಕಲಿಯುವ ಆಸೆ ಇರುವವರಿಗೆ ಡಾರ್ಜಿಲಿಂಗಿನ ಸಂಸ್ಥೆ ಇದೆ, 1954ರದ್ದು. ಉತ್ತರಕಾಶಿಯದು 1965ರದ್ದು. ಎರಡರಲ್ಲೂ ಸುಮಾರು ನಾಲ್ಕು ವಾರದ ಮೊದಲ ಕೋರ್ಸ್ ಇರುತ್ತದೆ.

ನಡೆಯಲು ಮಾತ್ರ ನಮಗೆ ಕೊರತೆ ಇಲ್ಲ. ಪೊಸಡಿಗುಂಪೆ ಸಾವಿರ ಅಡಿಯ ಆಸುಪಾಸು. ಆಕಾಶ ಸ್ವಚ್ಛ ಇದ್ದರೆ ಪಡುವಣ ಕಡಲು ಕಾಣುತ್ತದೆ. ರಾಣಿಪುರ ಸಾವಿರ ಮೀಟರಿನ ಆಸುಪಾಸು. ಅಲ್ಲಿ ಅರಣ್ಯ ಇಲಾಖೆಯ ಟಿಕೆಟ್ ಬೇಕು, ಆನೆ ಓಡಾಡಿದರೆ ಬಿಡುವುದಿಲ್ಲ, ಬಿಡದಿದ್ದರೆ ಸುಮ್ನೆ ಜಗಳ ಮಾಡದೆ ವಾಪಸು ಬನ್ನಿ. ಪ್ಲಾಸ್ಟಿಕ್ ಬಗ್ಗೆ ನಾನು ಹೇಳಬೇಕಾ?

ಕೂಟದ ಮೊದಲ ನಡಿಗೆ ಪೊಸಡಿಗುಂಪೆಗೆ. ಹೆಸರು ಬರೆಸುವ ಪುಸ್ತಕ ಬಾಗಿಲ ಬಳಿ ಇದೆ. ಹೆಸರಿನ ಜೊತೆ ಮನೆಯವರ ಫೋನ್ ನಂಬರು, ರಕ್ತದ ಗುಂಪು, ಉಬ್ಬಸ ಗಿಬ್ಬಸ ಇದ್ದರೆ ಅದನ್ನೂ ಬರೆಯಿರಿ, ನಾಚಿಕೆ ಬೇಡ. ನಡಿಗೆ ಮುಗಿದ ಮೇಲೆ ಒಬ್ಬರು ಒಂದು ಪುಟ ವರದಿ ಬರೆಯಲೇಬೇಕು. ಯಾರು ಅಂತ ಈಗಲೇ ತೀರ್ಮಾನ ಮಾಡಿ, ಆಮೇಲೆ ಯಾರೂ ಸಿಗುವುದಿಲ್ಲ. ಈಗ ಪ್ರಶ್ನೆ ಕೇಳಿ. ಹಿಂದಿನ ಸಾಲಿನ ಅಮ್ಮಂದಿರು ಮೊದಲು ಕೇಳಲಿ, ಅವರು ಆಗಿನಿಂದ ಕೈ ಎತ್ತಿಕೊಂಡೇ ಇದ್ದಾರೆ.