ಎರಡು ನಗರ, ಒಂದೇ ಫೈರ್ ಸ್ಟೇಷನ್

ಕೇಳುಗರಿಗೆಲ್ಲ ನಮಸ್ಕಾರ.

ಅಕ್ಕಪಕ್ಕದ ಎರಡು ನಗರಗಳು, ನಡುವೆ ಒಂದು ರಸ್ತೆ. ಈ ಬದಿಯ ಮನೆಯವರು ಒಂದು ನಗರಕ್ಕೆ ತೆರಿಗೆ ಕಟ್ಟುತ್ತಾರೆ, ಆ ಬದಿಯವರು ಇನ್ನೊಂದಕ್ಕೆ. ಆ ಬದಿಯ ಮನೆಯಲ್ಲಿ ಯಾರೋ ಎದೆ ಹಿಡಿದುಕೊಂಡು ಕುಸಿದರು ಅಂದುಕೊಳ್ಳಿ. ಕಿಟಕಿಯಿಂದ ನೋಡಿದರೆ ಫೈರ್ ಸ್ಟೇಷನ್ ಕಾಣುತ್ತದೆ. ಆದರೆ ಅದು ಪಕ್ಕದ ನಗರದ್ದು. ಇವರ ನಗರದ ಆಂಬುಲೆನ್ಸ್ ಬರಬೇಕಾದ್ದು ಊರಿನ ಇನ್ನೊಂದು ತುದಿಯಿಂದ. ಯಾವುದು ಹೋಗಬೇಕು? ಇದನ್ನೂ ಕೇಳಬೇಕಾ, ಹತ್ತಿರದ್ದು ಹೋಗಲಿ ಅಂತೀರಿ ಅಲ್ವಾ? ಅದು ಸಲೀಸಾಗಿ ಆಗಬೇಕಾದರೆ ಎರಡು ನಗರಗಳು ಮೊದಲೇ ಕೂತು ತುಂಬಾ ವಿಷಯ ಮಾತಾಡಿಕೊಂಡಿರಬೇಕು. ಗಡಿಯ ಹತ್ತಿರದ ಒಂದೇ ಠಾಣೆಯನ್ನು ಎರಡು ನಗರಗಳು ಹಂಚಿಕೊಳ್ಳುವುದು ಹೇಗೆ, ಇವತ್ತಿನ ಮಾತು ಅದರ ಬಗ್ಗೆ.

ಫೈರ್ ಸ್ಟೇಷನ್ನಿಗೂ ಎದೆನೋವಿಗೂ ಏನು ಸಂಬಂಧ ಅಂತ ಕೆಲವರಿಗೆ ಅನ್ನಿಸಬಹುದು. ಜಪಾನಿನಲ್ಲಿ 119ಕ್ಕೆ ಫೋನ್ ಮಾಡಿದರೆ ಬೆಂಕಿಗೂ ಅದೇ ನಂಬರು, ಆಂಬುಲೆನ್ಸಿಗೂ ಅದೇ. ಎರಡೂ ಹೊರಡುವುದು ಅಗ್ನಿಶಾಮಕ ಠಾಣೆಯಿಂದಲೇ. ಅಮೆರಿಕದ ಅಗ್ನಿಶಾಮಕ ದಳಗಳಿಗೆ ಬರುವ ಕರೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯಕೀಯ ಕರೆಗಳು. ನಿಜವಾದ ಬೆಂಕಿಯ ಕರೆಗಳು ಬಹಳ ಕಡಿಮೆ. 1970ರಲ್ಲಿ ಸಿಯಾಟಲ್ ನಗರದಲ್ಲಿ ಡಾಕ್ಟರ್ ಲಿಯೊನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ದಳದ ಮುಖ್ಯಸ್ಥ ಗಾರ್ಡನ್ ವಿಕ್ರಿ ಸೇರಿ ಬೆಂಕಿ ಆರಿಸುವವರಿಗೇ ಹೃದಯದ ತುರ್ತು ಚಿಕಿತ್ಸೆ ಕಲಿಸಿದರು. ಅದಕ್ಕೆ ಮೆಡಿಕ್ ಒನ್ ಅಂತ ಹೆಸರು. ಅವರನ್ನೇ ಯಾಕೆ ಆರಿಸಿಕೊಂಡರು? ಠಾಣೆಗಳು ಊರಿನ ತುಂಬಾ ಹರಡಿಕೊಂಡಿದ್ದವು, ಜನ ರಾತ್ರಿ ಹಗಲು ಅಲ್ಲೇ ಇರುತ್ತಿದ್ದರು. ಅದಕ್ಕೇ.

ಈಗ ಗಡಿಯಾರದ ವಿಷಯ. ಹೃದಯ ನಿಂತ ಮೇಲೆ ಯಾರೂ ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ. ಅದಕ್ಕೇ ಅಮೆರಿಕದ ಅಗ್ನಿಶಾಮಕ ಮಾನದಂಡ ಹೀಗಿದೆ: ವೈದ್ಯಕೀಯ ಕರೆಯಾದರೆ 60 ಸೆಕೆಂಡಿನಲ್ಲಿ ಗಾಡಿ ಹೊರಡಬೇಕು, ಹೊರಟ ಮೇಲೆ ಮೊದಲ ತಂಡ 4 ನಿಮಿಷದೊಳಗೆ ತಲುಪಬೇಕು. ಊರೊಳಗಿನ ರಸ್ತೆಯಲ್ಲಿ 4 ನಿಮಿಷಕ್ಕೆ ಎಷ್ಟು ದೂರ ಹೋಗಬಹುದು? ಎರಡು ಎರಡೂವರೆ ಕಿಲೋಮೀಟರ್. ನಕ್ಷೆಯಲ್ಲಿ ಠಾಣೆಯಿಂದ ಎಲ್ಲ ಕಡೆಗೂ ಅಷ್ಟು ದೂರ ಬರುವ ಹಾಗೆ ಒಂದು ವೃತ್ತ ಎಳೆಯಿರಿ. ಠಾಣೆ ಗಡಿಯ ಹತ್ತಿರ ಇದ್ದರೆ ಅರ್ಧ ವೃತ್ತ ಪಕ್ಕದ ನಗರದೊಳಗೆ ಬೀಳುತ್ತದೆ. ಒಪ್ಪಂದ ಇಲ್ಲದಿದ್ದರೆ ಆ ಅರ್ಧ ದಂಡ. ಪಕ್ಕದವರು ತಮ್ಮ ಕಡೆ ಇನ್ನೊಂದು ಠಾಣೆ ಕಟ್ಟಿದರೆ ಅದರಲ್ಲೂ ಅರ್ಧ ದಂಡ.

ದುಬಾರಿ ಅಂದರೆ ಕಟ್ಟಡ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಿಜವಾದ ಖರ್ಚು ಜನರದ್ದು. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 42 ಗಂಟೆ ಕೆಲಸ ಮಾಡಿದರೆ ಒಂದು ಸೀಟು ಖಾಲಿ ಬೀಳದಿರಲು ನಾಲ್ಕು ಜನ ಬೇಕು. ರಜೆ, ಕಾಯಿಲೆ, ತರಬೇತಿ ಅಂತ ಸೇರಿಸಿದರೆ ಐದು. ಒಂದು ಆಂಬುಲೆನ್ಸಿಗೆ ಎರಡು ಸೀಟು, ಅಂದರೆ ಹತ್ತು ಜನರ ಸಂಬಳ, ವರ್ಷವಿಡೀ. ಇಷ್ಟು ಜನ ದಿನದ ಎಷ್ಟೋ ಹೊತ್ತು ಕರೆಗೆ ಕಾಯುತ್ತಾ ಇರುತ್ತಾರೆ. ಸುಮ್ನೆ ಕೂತಿದ್ದಾರೆ ಅಂತ ಮೂಗು ಮುರಿಯಬೇಡಿ. ಆ ಕಾಯುವಿಕೆಯೇ ನಾವು ದುಡ್ಡು ಕೊಟ್ಟು ಕೊಳ್ಳುವ ಸೇವೆ.

ಜಗಳ ಶುರುವಾಗುವುದು ಇಲ್ಲೇ. ಖರ್ಚು ಹೇಗೆ ಹಂಚಬೇಕು? ನಿಮ್ಮ ಕಡೆಯಿಂದ ಎಷ್ಟು ಕರೆ ಬಂತೋ ಅಷ್ಟಕ್ಕೆ ನೀವು ಕೊಡಿ ಅನ್ನುವುದು ಮೊದಲು ತೋಚುವ ಲೆಕ್ಕ. ಕೇಳಲು ನ್ಯಾಯವಾಗಿದೆ. ನನ್ನ ಪ್ರಕಾರ ಅದು ತಪ್ಪು ಲೆಕ್ಕ. ಕಾವಲುಗಾರನಿಗೆ ಸಂಬಳ ಕೊಡುವಾಗ ಅವನು ಹಿಡಿದ ಕಳ್ಳರನ್ನು ಎಣಿಸುತ್ತೇವಾ? ಕರೆ ಕಡಿಮೆ ಇರುವ ನಗರಕ್ಕೂ ಮಧ್ಯರಾತ್ರಿ ಅಷ್ಟೇ ಭರವಸೆ ಸಿಗುತ್ತಿದೆ. ಇನ್ನೊಂದು ತೊಂದರೆ ಇದೆ. ಕರೆಯ ಲೆಕ್ಕದಲ್ಲಿ ದುಡ್ಡು ಕೊಡುವ ನಗರಾಡಳಿತಕ್ಕೆ ಪ್ರತಿಯೊಂದು ಕರೆಯೂ ಬಿಲ್ಲಿನಂತೆ ಕಾಣಲು ಶುರುವಾಗುತ್ತದೆ. ವೃದ್ಧಾಶ್ರಮ ಇರುವ ನಗರಕ್ಕಂತೂ ಪ್ರತಿ ವರ್ಷ ಅದೇ ತಕರಾರು.

ಸಿಯಾಟಲ್ ಇರುವ ಕಿಂಗ್ ಕೌಂಟಿ ಅನ್ನುವ ಜಿಲ್ಲೆಯವರು ಇದಕ್ಕೆ ಬೇರೆ ದಾರಿ ಹಿಡಿದರು. 1979ರಲ್ಲಿ ಮತದಾರರು ಒಪ್ಪಿ, ತುರ್ತು ವೈದ್ಯಕೀಯ ಸೇವೆಗಾಗಿಯೇ ಆಸ್ತಿ ತೆರಿಗೆಯ ಮೇಲೆ ಒಂದು ಪಾಲು ಹಾಕಿಕೊಂಡರು. ಅವಧಿ ಮುಗಿದ ಹಾಗೆ ಅದು ಮತ್ತೆ ಮತಕ್ಕೆ ಹೋಗುತ್ತದೆ. ದುಡ್ಡು ಆಸ್ತಿಯ ಬೆಲೆಯ ಮೇಲೆ ಬರುತ್ತದೆ, ಕರೆಯ ಮೇಲಲ್ಲ. ಹಾಗಾಗಿ ಯಾವ ಊರಿನವರು ಎಷ್ಟು ಸಲ ಫೋನ್ ಮಾಡಿದರು ಅನ್ನುವ ಲೆಕ್ಕಕ್ಕೂ ತೆರಿಗೆಗೂ ಗಂಟು ಬೀಳುವುದಿಲ್ಲ. ಎರಡೇ ನಗರಗಳ ಒಪ್ಪಂದಕ್ಕೆ ಇಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಆದರೂ ಆಸ್ತಿ, ಜನಸಂಖ್ಯೆ ನೋಡಿ ಹೆಚ್ಚಿನ ಪಾಲು ಹಂಚಿ, ಕರೆಗಳಿಗೆ ಒಂದು ಸಣ್ಣ ಪಾಲು ಇಟ್ಟರೆ ಜಗಳ ಕಡಿಮೆ.

ದುಡ್ಡಿನ ಮಾತು ಮುಗಿಯಿತು, ಠಾಣೆ ಒಂದಾಯಿತು ಅನ್ನೋಣ. ಕಂಟ್ರೋಲ್ ರೂಮು ಎರಡೇ ಉಳಿದರೆ? ಗಡಿಯ ಹತ್ತಿರ ನಿಂತು ಮೊಬೈಲಿನಲ್ಲಿ ಫೋನ್ ಮಾಡಿದರೆ ಕರೆ ಯಾವ ಟವರಿಗೆ ಸಿಕ್ಕಿತೋ ಆ ಕಡೆಯ ಕಂಟ್ರೋಲ್ ರೂಮಿಗೆ ಹೋಗಬಹುದು. ಅಲ್ಲಿನವರು ವಿಳಾಸ ಕೇಳುತ್ತಾರೆ, ಇದು ನಮ್ಮದಲ್ಲ ಅಂತ ಗೊತ್ತಾಗುತ್ತದೆ, ಪಕ್ಕದವರಿಗೆ ವರ್ಗಾಯಿಸುತ್ತಾರೆ. ಅಲ್ಲಿ ಮತ್ತೆ ರಿಂಗ್. ಮತ್ತೆ ಅದೇ ಪ್ರಶ್ನೆ: ಎಲ್ಲಿಂದ ಮಾತಾಡ್ತಿದ್ದೀರಿ, ಏನಾಯ್ತು, ಉಸಿರಾಡ್ತಿದ್ದಾರಾ? ಮನೆಯವರು ಗಾಬರಿಯಲ್ಲಿ ಎಲ್ಲವನ್ನೂ ಎರಡನೇ ಸಲ ಹೇಳಬೇಕು. ಎರಡು ನಗರದಲ್ಲೂ ಒಂದೇ ಹೆಸರಿನ ರಸ್ತೆ ಇದ್ದರಂತೂ ಕೇಳಲೇಬೇಡಿ. ಗಡಿಯ ಮೇಲೆ ಠಾಣೆ ಕಟ್ಟಿ ಉಳಿಸಿದ ನಿಮಿಷ ಇಲ್ಲಿ ಸೋರಿಹೋಗುತ್ತದೆ. ಆದ್ದರಿಂದ ಕರೆ ತೆಗೆದುಕೊಳ್ಳುವ ಜಾಗ ಒಂದೇ ಆಗಬೇಕು. ಆಗದಿದ್ದರೆ, ಎರಡೂ ಕಡೆಯ ಗಾಡಿಗಳು ಈಗ ಎಲ್ಲಿವೆ ಅಂತ ಎರಡೂ ಪರದೆಗಳ ಮೇಲೆ ಕಾಣಬೇಕು. ಕೇಳಿದ ಮೇಲೆ ಕಳಿಸುವ ಸಹಾಯ ಬೇರೆ, ಕೇಳದೆಯೇ ಹತ್ತಿರದ ಗಾಡಿ ಹೊರಡುವ ಏರ್ಪಾಡು ಬೇರೆ. ಹೃದಯ ನಿಂತವರಿಗೆ ಬೇಕಾದ್ದು ಎರಡನೆಯದು.

ಸಾಮಾನಿನ ವಿಷಯ ಚಿಕ್ಕದು ಅನ್ನಿಸುತ್ತದೆ. 1904ರ ಫೆಬ್ರವರಿ 7ರಂದು ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಾಗ ವಾಷಿಂಗ್ಟನ್ನಿನಿಂದ ಅಗ್ನಿಶಾಮಕ ಯಂತ್ರಗಳು ರೈಲು ಹತ್ತಿ ಬಂದವು. ಆದರೆ ಅವರ ಪೈಪಿನ ತಿರುಪು ಬಾಲ್ಟಿಮೋರಿನ ಬೀದಿ ನಲ್ಲಿಗೆ ಕೂರಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಇವತ್ತು ಹೃದಯಕ್ಕೆ ಶಾಕ್ ಕೊಡುವ ಯಂತ್ರದ ವಿಷಯದಲ್ಲಿ ಅದೇ ಕಥೆ. ಎದೆಗೆ ಅಂಟಿಸುವ ಒಂದು ಕಂಪನಿಯ ಪ್ಯಾಡಿನ ವೈರು ಇನ್ನೊಂದು ಕಂಪನಿಯ ಯಂತ್ರಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಮೊದಲು ಬಂದ ಫೈರ್ ಎಂಜಿನ್ನಿನವರು ಎದೆಗೆ ಪ್ಯಾಡ್ ಅಂಟಿಸಿರುತ್ತಾರೆ, ಆಮೇಲೆ ಬಂದ ಆಂಬುಲೆನ್ಸಿನವರು ಅದನ್ನು ಕಿತ್ತು ತಮ್ಮದನ್ನು ಅಂಟಿಸಬೇಕು. ಎದೆ ಒತ್ತುವುದು ಅಷ್ಟು ಹೊತ್ತು ನಿಲ್ಲುತ್ತದೆ. ಯಂತ್ರ ಕೊಳ್ಳುವಾಗ ಎರಡು ನಗರದವರು ಒಂದು ಫೋನ್ ಮಾಡಿಕೊಂಡರೆ ಸಾಕಿತ್ತು. ಯಾವ ಔಷಧಿ ಎಷ್ಟು ಕೊಡಬೇಕು ಅನ್ನುವ ಡಾಕ್ಟರ ಆದೇಶಪಟ್ಟಿಯೂ ಒಂದೇ ಇರಬೇಕು. ಇಲ್ಲದಿದ್ದರೆ ರಸ್ತೆ ದಾಟಿದ ಪ್ಯಾರಾಮೆಡಿಕ್ ಯಾರ ನಿಯಮ ಪಾಲಿಸಬೇಕು?

ಜನ ಹೆದರುವುದು ಮಾತ್ರ ಬೇರೆಯದಕ್ಕೆ. ನಮ್ಮ ದುಡ್ಡಿನ ಆಂಬುಲೆನ್ಸ್ ಪಕ್ಕದ ಊರಿಗೆ ಹೋಗಿದ್ದಾಗ ನಮಗೇ ಬೇಕಾದರೆ ಏನು ಗತಿ? ಈ ಭಯ ಸುಳ್ಳಲ್ಲ. ರೋಗಿಯನ್ನು ಆಸ್ಪತ್ರೆಗೆ ಒಪ್ಪಿಸಿ, ಗಾಡಿ ಒರೆಸಿ, ಸಾಮಾನು ತುಂಬಿಕೊಂಡು ಮರಳುವಷ್ಟರಲ್ಲಿ ಒಂದು ತಾಸು ಸುಲಭವಾಗಿ ಹೋಗುತ್ತದೆ. ಆ ಹೊತ್ತಿಗೆ ಎರಡೂ ನಗರಗಳ ಒಳಗಿನ ಯಾವ ಠಾಣೆಯ ಗಾಡಿ ಮುಂದೆ ಬಂದು ಗಡಿಯಲ್ಲಿ ನಿಲ್ಲಬೇಕು ಅನ್ನುವುದನ್ನು ಕಾಗದದಲ್ಲಿ ಬರೆದಿಟ್ಟಿರಬೇಕು. ಆಯಾ ಹೊತ್ತಿಗೆ ನೋಡಿಕೊಳ್ಳೋಣ ಅಂದರೆ ಆಗದು.

ಹಾಗೇ ಒಪ್ಪಂದ ಮುರಿಯುವುದು ಹೇಗೆ ಅನ್ನುವುದನ್ನೂ ಮೊದಲ ದಿನವೇ ಬರೆಯಬೇಕು. ಹೊರಹೋಗುವ ನಗರ ಎಷ್ಟು ತಿಂಗಳು ಮುಂಚೆ ತಿಳಿಸಬೇಕು, ಆಂಬುಲೆನ್ಸ್ ಯಾರ ಹೆಸರಿಗೆ, ಆ ಹತ್ತು ಜನರ ನೌಕರಿ ಮತ್ತು ಪಿಂಚಣಿ ಯಾರ ಹೊಣೆ. ಸ್ನೇಹ ಚೆನ್ನಾಗಿರುವಾಗಲೇ ಇಂಥ ಮಾತು ಮುಗಿಸಿಕೊಳ್ಳುವುದು ಸುಲಭ. ಬಜೆಟ್ ಬಿಗಿಯಾದ ವರ್ಷದಲ್ಲಿ ಹೊಸದಾಗಿ ಕೂತರೆ ಯಾರೂ ಒಂದು ಸಾಲಿಗೂ ಒಪ್ಪುವುದಿಲ್ಲ.

ನಮಸ್ಕಾರ.