ಕರೆಂಟ್ ಕೊಡಿಸಿಕೊಂಡರೆ ಹಳೆಯ ನೋವು ಹೋಗುತ್ತದೆಯೇ?

ವೇದಿಕೆಯ ಮೇಲಿರುವ ಹಿರಿಯರಿಗೆ, ಮುಂದಿನ ಸಾಲಿನ ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ, ಸೊಂಟ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಿರುವ ಉಳಿದೆಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 8, ವಿಶ್ವ ಫಿಸಿಯೋಥೆರಪಿ ದಿನ. ಇವತ್ತು ನಮ್ಮ ವೃತ್ತಿಯನ್ನು ಹೊಗಳುವುದು ವಾಡಿಕೆ. ನಾನು ಸ್ವಲ್ಪ ಜಗಳ ತೆಗೆಯಲು ಬಂದಿದ್ದೇನೆ.

"ಹತ್ತು ದಿನ ಕರೆಂಟ್ ಕೊಡಿಸಿಕೊಂಡೆ ಸಾರ್, ಹಾಯಾಗಿತ್ತು, ಮತ್ತೆ ಶುರುವಾಯ್ತು." ಈ ಮಾತು ಕೇಳದ ಫಿಸಿಯೋ ಈ ರಾಜ್ಯದಲ್ಲಿ ಇರಲಿಕ್ಕಿಲ್ಲ. ನಾವು ಮಾಡುವುದೇನು? ಮಲಗಿಸುತ್ತೇವೆ, ನೋಯುವ ಜಾಗಕ್ಕೆ ಸಣ್ಣಗೆ ವಿದ್ಯುತ್ ಹರಿಸುವ ಪ್ಯಾಡ್ ಅಂಟಿಸುತ್ತೇವೆ, ಟೈಮರ್ ತಿರುಗಿಸಿ ಪಕ್ಕದ ಕ್ಯಾಬಿನ್‌ಗೆ ಹೋಗುತ್ತೇವೆ. ಹೊಸ ನೋವಿಗೆ ಅದರಿಂದ ಕೊಂಚ ಸಮಾಧಾನ ಸಿಕ್ಕರೂ ಸಿಗಬಹುದು. ಮೂರು ತಿಂಗಳು ದಾಟಿದ ನೋವಿನ ಕಥೆ ಬೇರೆ. ಅಷ್ಟು ಹೊತ್ತಿಗೆ ಪೆಟ್ಟು ಬಿದ್ದ ಜಾಗ ಎಷ್ಟೋ ಸಲ ಮಾಗಿರುತ್ತದೆ, ನರವ್ಯವಸ್ಥೆ ಮಾತ್ರ ಇನ್ನೂ ಬೆಚ್ಚುತ್ತಲೇ ಇರುತ್ತದೆ. ಅದು ಹೊಸದಾಗಿ ಕಲಿಯಬೇಕು. ಮಲಗಿದ್ದವರಿಗೆ ಕಲಿಸಲು ಬರುವುದಿಲ್ಲ. ನನ್ನ ವಾದ ಇಷ್ಟೇ. ಉಳಿದ ಹೊತ್ತೆಲ್ಲ ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತೇನೆ.

ನನಗೆ ತುಂಬ ಇಷ್ಟವಾದ ಒಂದು ಪ್ರಸಂಗವಿದೆ. ವಿದ್ಯಾರ್ಥಿಗಳು ಕೇಳಿರುತ್ತೀರಿ, ಇನ್ನೊಮ್ಮೆ ಕೇಳಿ. ಚೆನ್ನೈನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನಲ್ಲಿ ಓದಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೆಲೆಸಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರ ಬಳಿ ಒಬ್ಬ ಬಂದ. ಬೈಕ್ ಅಪಘಾತದಲ್ಲಿ ಅವನ ಎಡಗೈಗೆ ಹೋಗುವ ನರಗಳೆಲ್ಲ ಬೆನ್ನುಹುರಿಯಿಂದಲೇ ಕಿತ್ತುಬಂದಿದ್ದವು. ವರ್ಷಕಾಲ ಆ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದ, ಆಮೇಲೆ ಅದನ್ನು ಕತ್ತರಿಸಿದರು. ಕೈ ಹೋಯಿತು, ನೋವು ಹೋಗಲಿಲ್ಲ. ಹತ್ತು ವರ್ಷವಾದರೂ ಇಲ್ಲದ ಮೊಣಕೈ ನೋಯುತ್ತದೆ, ಇಲ್ಲದ ಬೆರಳು ನೋಯುತ್ತದೆ. ಅಲ್ಲಾಡಿಸೋಣವೆಂದರೆ ಅದು ಸೆಟೆದು ನಿಂತಿದೆ.

ರಾಮಚಂದ್ರನ್ ಊಹೆ ಹೀಗಿತ್ತು: ಕೈ ಇದ್ದಾಗ ಮಿದುಳು "ಅಲ್ಲಾಡು" ಎನ್ನುತ್ತಿತ್ತು, ಕಣ್ಣು "ಅಲ್ಲಾಡಲಿಲ್ಲ" ಎನ್ನುತ್ತಿತ್ತು. ಕೇಳಿ ಕೇಳಿ ಮಿದುಳು ಅದನ್ನೇ ನಂಬಿತು. ಹಾಗಾದರೆ ಕಣ್ಣಿಗೆ ಬೇರೆ ಸುದ್ದಿ ಕೊಟ್ಟರೆ? ಒಂದು ರಟ್ಟಿನ ಡಬ್ಬಿ, ನಡುವೆ ನಿಲ್ಲಿಸಿದ ಕನ್ನಡಿ. (ಯಂತ್ರದ ಕಂತು ಕಟ್ಟುತ್ತಿರುವ ಕ್ಲಿನಿಕ್ ಮಾಲೀಕರು ಗಮನಿಸಬೇಕು.) ಬಲಗೈಯನ್ನು ಒಳಗಿಟ್ಟು ನೋಡಿದರೆ ಕನ್ನಡಿಯಲ್ಲಿ ಎಡಗೈ! ಎರಡೂ ಕೈ ಒಟ್ಟಿಗೆ ಆಡಿಸಿದಂತೆ ಮಾಡು ಎಂದರು. ಮನುಷ್ಯ ಕೂಗಿಯೇ ಬಿಟ್ಟ. ಹತ್ತು ವರ್ಷದಲ್ಲಿ ಮೊದಲ ಸಲ ಆ ಕೈ ಅಲ್ಲಾಡಿತ್ತು. ಕಣ್ಣು ಮುಚ್ಚಿದ, ಮತ್ತೆ ಸೆಟೆಯಿತು.

ಡಬ್ಬಿಯನ್ನು ಮನೆಗೆ ಒಯ್ದ. ಕೆಲವು ವಾರ ಕಳೆದು ಫೋನ್ ಮಾಡಿದ: ಡಾಕ್ಟ್ರೇ, ಕೈಯೇ ಮಾಯ, ಮೊಣಕೈಯ ಜೊತೆ ಅದರ ನೋವೂ ಹೋಯಿತು, ಬೆರಳುಗಳು ಮಾತ್ರ ಭುಜಕ್ಕೆ ನೇತುಬಿದ್ದಿವೆ, ಅವು ಇನ್ನೂ ನೋಯುತ್ತವೆ, ಡಬ್ಬಿ ಸ್ವಲ್ಪ ಬದಲಿಸಿ ಕೊಡಿ! ಇಲ್ಲದ ಕೈಯನ್ನು ಕತ್ತರಿಸಿದ ಮೊದಲ ವೈದ್ಯ ತಾನೇ ಎಂದು ರಾಮಚಂದ್ರನ್ ತಮಾಷೆ ಮಾಡುತ್ತಿದ್ದರು.

ಒಬ್ಬನ ಕಥೆ ಪುರಾವೆಯಲ್ಲ ಎನ್ನುತ್ತೀರಿ, ಸರಿ. 2007ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡ 18 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದರು. ಕನ್ನಡಿ ನೋಡಿಕೊಂಡು ಅಭ್ಯಾಸ ಮಾಡಿದ ಆರೂ ಜನರಿಗೆ ನಾಲ್ಕು ವಾರದಲ್ಲಿ ನೋವು ಇಳಿಯಿತು. ಬಟ್ಟೆ ಮುಚ್ಚಿದ ಕನ್ನಡಿಯ ಗುಂಪಿನಲ್ಲಿ ಒಬ್ಬರಿಗೆ. ಸಣ್ಣ ಪ್ರಯೋಗ, ನಂತರದ ಫಲಿತಾಂಶಗಳೆಲ್ಲ ಇಷ್ಟು ಚೆಂದವಿಲ್ಲ. ಮಿದುಳಿನಲ್ಲಿ ಕೈಯ ನಕ್ಷೆ, ಅಂದರೆ ಕೈಗೆಂದೇ ಮೀಸಲಾದ ಜಾಗ, ಅಳಿಸಿಹೋಗಿ ನೋವು ಹುಟ್ಟುತ್ತದೆ ಎಂಬ ಆಗಿನ ವಿವರಣೆಯನ್ನೂ ನರವಿಜ್ಞಾನಿ ಟಮಾರ್ ಮೇಕಿನ್ ತಂಡ 2013ರಲ್ಲಿ ಪ್ರಶ್ನಿಸಿತು: ನಕ್ಷೆ ಅಲ್ಲೇ ಇದೆ. ವಿವರಣೆ ಬದಲಾಗಲಿ, ತೊಂದರೆಯಿಲ್ಲ. ಕಣ್ಣು ತೆರೆದು ಕೆಲಸ ಮಾಡಿದ್ದು ರೋಗಿಯೇ ಎನ್ನುವುದನ್ನು ಮರೆಯಬೇಡಿ.

ಆಸ್ಟ್ರೇಲಿಯಾದ ನೋವಿನ ಸಂಶೋಧಕ ಲೊರಿಮರ್ ಮೋಸ್ಲಿ 2008ರಲ್ಲಿ ಕೈನೋವಿನ 10 ಜನರಿಗೆ ದುರ್ಬೀನು ಕೊಟ್ಟು ತಮ್ಮ ಕೈಯನ್ನೇ ನೋಡುತ್ತ ಆಡಿಸಲು ಹೇಳಿದರು. ಕೈ ದೊಡ್ಡದಾಗಿ ಕಂಡಾಗ ನೋವು ಹೆಚ್ಚಾಯಿತು. ದುರ್ಬೀನು ತಿರುಗಿಸಿ ಚಿಕ್ಕದಾಗಿ ಕಂಡಾಗ ಕಡಿಮೆಯಾಯಿತು. ನೋವಷ್ಟೇ ಅಲ್ಲ, ಊತವೂ! "ಎಲ್ಲ ನಿನ್ನ ಮನಸ್ಸಿನಲ್ಲಿದೆ" ಎಂದು ರೋಗಿಗೆ ಗದರುವವರು ಆ ಊತವನ್ನು ಟೇಪಿನಲ್ಲಿ ಅಳೆಯಲಿ.

ಅದೇ ವರ್ಷ ಅವರದೇ ಇನ್ನೊಂದು ಕೆಲಸ. ನೋಯುವ ಕೈಯನ್ನು ಪೆನ್ನಿನ ಮುಚ್ಚಳ, ಬಾಟಲಿಯ ಬಿರಡೆಯಂಥ ವಸ್ತುಗಳಿಂದ ಮುಟ್ಟುವುದು. ಸುಮ್ಮನೆ ಮುಟ್ಟಿಸಿಕೊಂಡಾಗ ಲಾಭವಾಗಲಿಲ್ಲ. ಯಾವುದು ಮುಟ್ಟಿತು, ಎಲ್ಲಿ ಮುಟ್ಟಿತು ಎಂದು ಹೇಳಬೇಕಾದಾಗ ನೋವು ತಗ್ಗಿತು. ಚರ್ಮಕ್ಕೆ ತಾಗಿದ್ದು ಎರಡು ಸಲವೂ ಒಂದೇ. ಮಲಗಿದ್ದವರಿಗೆ ಕಲಿಸಲು ಬರುವುದಿಲ್ಲ ಎಂದೆನಲ್ಲ?

ಅಧ್ಯಕ್ಷರು ಗಡಿಯಾರ ನೋಡಿದರು. ಬೆನ್ನಿಗೆ ಬರುತ್ತೇನೆ, ನೀವೆಲ್ಲ ಬಂದಿರುವುದು ಅದಕ್ಕೇ. ಬೆರಳ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಅಂತರದಲ್ಲಿ ತಾಗಿಸಿದ ಎರಡು ಮೊನೆಗಳು ಬೇರೆಬೇರೆಯಾಗಿ ತಿಳಿಯುತ್ತವೆ. ಬೆನ್ನಿನಲ್ಲಿ ಸೆಂಟಿಮೀಟರುಗಟ್ಟಲೆ ದೂರವಿರಬೇಕು. ಹಳೆಯ ಬೆನ್ನುನೋವಿನವರಲ್ಲಿ ಆ ಅಂತರ ಇನ್ನೂ ಹೆಚ್ಚು, ಒದ್ದೆ ಕೈ ತಾಗಿದ ಶಾಯಿ ಬರಹದಂತೆ ಎಲ್ಲ ಕಲಸಿಹೋಗಿರುತ್ತದೆ. ಈ ಸ್ಪರ್ಶಜ್ಞಾನವನ್ನೂ ಚಲನೆಯನ್ನೂ ಹಂತಹಂತವಾಗಿ ಕಲಿಸುವ ಪದ್ಧತಿಯನ್ನು ಸಿಡ್ನಿಯಲ್ಲಿ 276 ಜನರ ಮೇಲೆ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಹತ್ತರ ಅಳತೆಯಲ್ಲಿ ನೋವು 5.6ರಿಂದ 3.1ಕ್ಕೆ ಇಳಿಯಿತು. ಹೋಲಿಕೆಯ ಗುಂಪಿಗೆ ಲೇಸರ್, ಬಿಸಿ ಕೊಡುವ ಡೈಥರ್ಮಿ ಎಂದು ಯಂತ್ರ ಹಿಡಿದು ಚಿಕಿತ್ಸೆಯ ನಾಟಕವಾಡಿದರು. ಅವರಿಗೂ 5.8ರಿಂದ 4.0ಕ್ಕೆ ಇಳಿಯಿತು! ಹಾಯಾಗಿತ್ತು ಸಾರ್ ಎನ್ನುವುದರ ಗುಟ್ಟು ಎಷ್ಟೋ ಪಾಲು ಇದೇ. ಎರಡರ ನಡುವಿನ ವ್ಯತ್ಯಾಸ ಒಂದೇ ಅಂಕ. ಪವಾಡವಲ್ಲ. ಅಡ್ಡಪರಿಣಾಮ ಕಡಿಮೆಯಿರುವ ಒಂದು ಅಂಕವನ್ನು ನಾನು ಬಿಡುವುದಿಲ್ಲ.

ಚೀಟಿಯೂ ಬಂತು. ಉಳಿದದ್ದನ್ನು ಓಡಿಸುತ್ತೇನೆ. ಕೈನೋವಿನವರಿಗೆ ಕಲಿಸುವ ಕ್ರಮ ಹೀಗೆ: ಮೊದಲು ಚಿತ್ರ ನೋಡಿ ಎಡಗೈಯೋ ಬಲಗೈಯೋ ಗುರುತಿಸುವುದು, ಆಮೇಲೆ ಚಲನೆಯನ್ನು ಕಲ್ಪಿಸಿಕೊಳ್ಳುವುದು, ಕೊನೆಗೆ ಕನ್ನಡಿ. ವಿದ್ಯಾರ್ಥಿಗಳೇ, ಆತುರಪಟ್ಟು ಕನ್ನಡಿಗೆ ಹಾರಬೇಡಿ, ಕೆಲವರಿಗೆ ನೋವು ಕೆರಳುತ್ತದೆ. ಸ್ಕ್ಯಾನಿನಲ್ಲಿ ಡಿಸ್ಕ್ ಸವೆದಿದೆ ಎಂದು ಹೆದರಿದವರಿಗೆ: ನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲೂ 37% ಜನರಿಗೆ ಅದಿದೆ, ಎಂಬತ್ತರವರಲ್ಲಿ 96%. ಮನೆಯಲ್ಲಿ ಬೆನ್ನಿನ ಮೇಲೆ ಯಾರಾದರೂ ಬೆರಳಲ್ಲಿ ಅ ಬರೆಯಲಿ, ಆ ಬರೆಯಲಿ, ಯಾವುದೆಂದು ನೀವು ಹೇಳಿ. ಮೊಮ್ಮಕ್ಕಳಿದ್ದರೆ ಫೀಸೂ ಇಲ್ಲ. ಆದರೆ ಮೂತ್ರದ ಹಿಡಿತ ತಪ್ಪಿದರೆ, ಕಾಲು ಸೋತರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಈ ಆಟ ಬೇಡ, ತಡಮಾಡದೆ ವೈದ್ಯರ ಬಳಿ ಹೋಗಿ.

ಪ್ರಶ್ನೆಗಳಿದ್ದರೆ ಕೇಳಿ. ಕೂತು ಸಾಕಾದವರು ಎದ್ದು ನಿಂತೇ ಕೇಳಬಹುದು.