ಶ್ಲೋಕ ಮತ್ತು ಗೆರಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ತುಲಾ ಮಾಸದ ಹತ್ತು, ಪತ್ತಾಮುದಯ ಬಂತೆಂದರೆ ನಮ್ಮ ಕಾಸರಗೋಡಿನಲ್ಲಿ, ಅದರಲ್ಲೂ ಚಂದ್ರಗಿರಿ ಹೊಳೆಯ ತೆಂಕಿನ ಊರುಗಳಲ್ಲಿ, ತೆಯ್ಯಂಗಳ ಕಾಲ. ತೆಯ್ಯಂ ಎಂದರೆ ವೇಷ ಕಟ್ಟಿದವರ ಮೈಮೇಲೆ ದೈವ ಬರುವ ಆರಾಧನೆ. ನನಗೆ ಎಲ್ಲಕ್ಕಿಂತ ಹತ್ತಿರದ್ದು ಪೊಟ್ಟನ್ ತೆಯ್ಯಂ. ಮಲಯಾಳದಲ್ಲಿ ಪೊಟ್ಟನ್ ಅಂದರೆ ಕಿವುಡ, ಪೆದ್ದ. ಈ ಪೆದ್ದ ಸಾಕ್ಷಾತ್ ಶಿವ. ಸರ್ವಜ್ಞಪೀಠ ಏರಲು ಹೊರಟ ಶಂಕರಾಚಾರ್ಯರ ದಾರಿಗೆ ಚಂಡಾಲನಾಗಿ ಅಡ್ಡ ನಿಂತವನು. ದಾರಿ ಬಿಟ್ಟು ಸರಿ ಎಂದರೆ ಸರಿಯಲಿಲ್ಲ. ನಿನ್ನನ್ನು ಕಡಿದರೂ ನನ್ನನ್ನು ಕಡಿದರೂ ಬರುವ ನೆತ್ತರು ಒಂದೇ ಅಲ್ಲವೇ ಎಂದು, ತೆಯ್ಯಂ ಕಟ್ಟುವಾಗ ಹಾಡುವ ತೋಟ್ಟಂ ಹಾಡಿನಲ್ಲಿ ಕೇಳುತ್ತಾನೆ.

ಸಂಸ್ಕೃತದಲ್ಲಿ ಇದೇ ಕಥೆ ನಡೆಯುವುದು ಕಾಶಿಯಲ್ಲಿ. ದೂರ ಹೋಗು ಎನ್ನುತ್ತೀಯಲ್ಲ, ಯಾವುದು ಯಾವುದರಿಂದ ದೂರ ಹೋಗಬೇಕು? ಅನ್ನದಿಂದಾದ ಮೈ ಅನ್ನದಿಂದಾದ ಮೈಯಿಂದಲೋ, ಚೈತನ್ಯ ಚೈತನ್ಯದಿಂದಲೋ? ಚಂಡಾಲನ ಈ ಪ್ರಶ್ನೆಗೆ ಶಂಕರರ ಉತ್ತರವಾಗಿ ಬಂದ 5 ಶ್ಲೋಕಗಳೇ ಮನೀಷಾ ಪಂಚಕ. ಅರಿತವನು ಚಂಡಾಲನಾಗಲಿ, ದ್ವಿಜನಾಗಲಿ, ಅವನೇ ಗುರು ಎನ್ನುತ್ತವೆ ಅವು.

ಹತ್ತು ವರ್ಷದವನಿದ್ದಾಗ ಜಗಲಿಯಲ್ಲಿ ಕುಳಿತು ಅವನ್ನು ಬಾಯಿಪಾಠ ಮಾಡಿದ್ದೆ. ಒಂದಕ್ಷರ ತಪ್ಪುತ್ತಿರಲಿಲ್ಲ. ಅಂಗಳದಾಚೆ ನಿಂತ ಕೆಲಸದವರ ತೆಂಗಿನ ಗೆರಟೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದವನೂ ನಾನೇ. ಎರಡಕ್ಕೂ ಸಂಬಂಧವಿದೆಯೆಂದು ನನಗೂ ಹೊಳೆಯಲಿಲ್ಲ, ಕಲಿಸಿದವರಿಗೂ ಹೊಳೆಯಲಿಲ್ಲ. ಆ ನೋವು ಇಂದಿಗೂ ಮಾಸಿಲ್ಲ.

ಹಾಗೆಂದು ಓದು ಬೇಡ, ಒಳಗಿನ ದನಿ ಸಾಕು ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ಒಳಗಿನ ದನಿಯೆಂದು ನಾವು ಕೇಳಿಸಿಕೊಳ್ಳುವುದು ಎಷ್ಟೋ ಸಲ ಮನೆಯ ರೂಢಿಯ ದನಿಯೇ. ನೀರು ಹೊಯ್ಯುವಾಗ ನನ್ನ ಒಳಮನಸ್ಸು ಒಂದು ಸಲವೂ ತಡೆಯಲಿಲ್ಲವಲ್ಲ! ಇತ್ತ ಪೊಟ್ಟನ್ ಕಟ್ಟುವವರೂ ಏನೂ ಕಲಿಯದೆ ಬಂದವರಲ್ಲ. ಹಿರಿಯರ ಬಾಯಿಂದ ತೋಟ್ಟಂ ಕಲಿತು, ವ್ರತ ಹಿಡಿದು, ತೆಂಗಿನ ಎಳೆಗರಿ ಉಟ್ಟು ಬರುತ್ತಾರೆ. ಅದೂ ಪಾಠವೇ. ಆ ಪಾಠ ಮೈಗಿಳಿದಿದೆ, ಅಷ್ಟೆ. ಕೆಂಡದ ರಾಶಿಯ ಮೇಲೆ ಒರಗಿ, ಚಳಿಯಾಗುತ್ತದೆ ಎನ್ನುತ್ತಾನೆ ಪೊಟ್ಟನ್.

ಕೆಲವು ವರ್ಷಗಳ ಹಿಂದೆ ನೀಲೇಶ್ವರದ ಹತ್ತಿರ ಹೀಗೇ ಒಂದು ಬೆಳಗಿನ ಜಾವ. ವೇಷ ಕಳಚಿ ಕುಳಿತಿದ್ದ ಹಿರಿಯರ ಬಳಿ ಹೋಗಿ, ನೆತ್ತರಿನ ಆ ಸಾಲನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

"ನಿಮ್ಮ ಪುಸ್ತಕದಲ್ಲಿ ಇದು ಹೇಗಿದೆ, ಮಾಷೇ?" ಎಂದು ಕೇಳಿದರು.

ಶ್ಲೋಕ ಹೇಳಿ, ನನಗೆ ಬರುವ ಮಲಯಾಳದಲ್ಲಿ ಅರ್ಥ ಬಿಡಿಸಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟು, ನನಗೂ ಒಂದು ಗ್ಲಾಸು ಚಾ ತರಿಸಿದರು.